ಯಾರ ನೆತ್ತಿಯಿಂದ ಎಣಿಕೆ?

ಇಂಡಿಯವನಿಗೆ ಧ್ರುವನಕ್ಷತ್ರ ಕ್ಷಿತಿಜದಿಂದ ಸುಮಾರು 17 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಅದೇ ಗಳಿಗೆಯಲ್ಲಿ ಮುದ್ದೇಬಿಹಾಳದವನಿಗೆ ಅದು ಒಂದೂವರೆ ಹುಣ್ಣಿಮೆ ಚಂದ್ರನಷ್ಟು ಕೆಳಗೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಆದರೆ ‘ನಾ ಕಂಡದ್ದೇ ಖರೆ’ ಎಂದು ಇಬ್ಬರೂ ಹಟ ಹಿಡಿದರೆ ಒಂದೇ ಚುಕ್ಕೆಯ ವಿಚಾರ ಮಾತನಾಡುವುದು ಹೇಗೆ? ಅದಕ್ಕಾಗಿಯೇ ಖಗೋಲಜ್ಞರು ತಮ್ಮ ತಮ್ಮ ನೆತ್ತಿಯನ್ನು ಬಿಟ್ಟುಕೊಟ್ಟು, ವಿಷುವದ್ವೃತ್ತ, ಕ್ರಾಂತಿವೃತ್ತಗಳಿಂದ ಅಳೆಯತೊಡಗಿದರು. ಹಾಗೆ ಅಳೆದರೆ ಸ್ವಾತಿಗೆ ಸಿಂದಗಿಯಿಂದಲೂ ಲಂಡನ್ನಿನಿಂದಲೂ ವಿಳಾಸ ಒಂದೇ.

ಆದರೂ ಎಣಿಕೆಗೊಂದು ಸೊನ್ನೆ ಬೇಕಲ್ಲ! ನೆಲದ ಮೇಲೆ ನಮ್ಮ ಹಿಂದಿನವರು ಉಜ್ಜಯಿನಿಯ ರೇಖೆಯನ್ನು ಹಿಡಿದರು. ಆ ರೇಖೆಯನ್ನು ದಕ್ಷಿಣಕ್ಕೆ ಎಳೆದರೆ ಅದು ವಿಜಯಪುರಕ್ಕೂ ಬಸವನ ಬಾಗೇವಾಡಿಗೂ ನಡುವೆ ಹಾದುಹೋಗುತ್ತದೆ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ರಾಷ್ಟ್ರಗಳು ಸೊನ್ನೆಯನ್ನು ಗ್ರೀನಿಚ್ಚಿಗೆ ಕೊಟ್ಟವು. ಇಂದು ಬಾಗೇವಾಡಿಯ ಗಡಿಯಾರದಲ್ಲಿ ಹನ್ನೆರಡು ಹೊಡೆದು ಸರಾಸರಿ 26 ನಿಮಿಷವಾದ ಮೇಲೆ ಸೂರ್ಯ ನಡುಹಗಲಿಗೆ ಬರುತ್ತಾನೆ. ಇದರಿಂದ ಯಾರ ಮನೆಯೂ ಮುಳುಗಲಿಲ್ಲ.

ಆಕಾಶದ ಸೊನ್ನೆಯ ಕಥೆ ಇಷ್ಟು ಸುಲಭವಲ್ಲ. ಹಗಲಿರುಳು ಸಮವಾಗುವ ವಸಂತಸಂಪಾತ ನಕ್ಷತ್ರಗಳ ನಡುವೆ 72 ವರ್ಷಕ್ಕೆ ಸುಮಾರು ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ಪಶ್ಚಿಮದ ಖಗೋಲಜ್ಞರು ಸೊನ್ನೆಯನ್ನು ಅದರೊಡನೆ ಸರಿಸಿದರು. ನಮ್ಮ ಪಂಚಾಂಗಗಳು ನಕ್ಷತ್ರಗಳಿಗೆ ಕಟ್ಟಿದವು. ಎರಡರ ಅಂತರವಾದ ಅಯನಾಂಶ ಈಗ ಸುಮಾರು 24 ಡಿಗ್ರಿ. ಜೂನ್ 7–8ರ ಸುಮಾರಿಗೆ ಮಿರಗ ಕೂಡುತ್ತದೆ. ಎರಡೂ ಸೊನ್ನೆ ಒಂದಾಗಿದ್ದ ಕಾಲದಲ್ಲಿ, ಋತುವಿನ ಲೆಕ್ಕಕ್ಕೆ, ಅದೇ ಮಿರಗ ಮೇ ನಡುವಿನಲ್ಲೇ ಕೂಡುತ್ತಿತ್ತು. ಹೆಸರು ಚುಕ್ಕೆಗೆ ನಿಷ್ಠವಾಗಿ ಉಳಿಯಿತು, ಮಳೆಯಿಂದ ಸರಿಯಿತು. ನಿಷ್ಠೆ ಯಾವುದಕ್ಕಿರಬೇಕು: ಗುರುತಿಗೋ, ಆ ಗುರುತು ಇಟ್ಟ ಉದ್ದೇಶಕ್ಕೋ?

ಮೇಘನಾದ ಸಹಾ ಅವರ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಋತುವಿನ ಪಕ್ಷ ವಹಿಸಿತು. 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದ ವರ್ಷ ಸಂಪಾತದ ಮರುದಿನ ಆರಂಭವಾಗುತ್ತದೆ. ಮನೆಯ ಗೋಡೆಯ ಮೇಲಿನ ಪಂಚಾಂಗ ಮಾತ್ರ ಚುಕ್ಕೆಯನ್ನು ಬಿಡಲಿಲ್ಲ. ಚುಕ್ಕೆಯನ್ನು ಹಿಡಿದವರನ್ನು ಮೂಢರೆನ್ನಲು ನನಗೆ ಮನಸ್ಸಿಲ್ಲ. ಅವರ ಗಣಿತವೂ ಗಣಿತವೇ. ಆದರೆ ಮನುಷ್ಯನೇ ನೆಟ್ಟ ಗೂಟವನ್ನು ಆಕಾಶವೇ ನೆಟ್ಟಿತೆಂದು ಸಾಧಿಸುವುದು ಸತ್ಯಕ್ಕೆ ದ್ರೋಹ. ಎಣಿಕೆ ಎಲ್ಲಿಂದ, ಗೂಟ ಎಷ್ಟು ಸರಿದಿದೆ ಎಂಬುದನ್ನು ಓದುವವನಿಗೆ ತಿಳಿಸುವ ಹೊಣೆ ಪಂಚಾಂಗ ಬರೆಯುವವನದು.

ಸಿಂದಗಿಯ ಅನುಭವಸ್ಥ ರೈತನಂತೂ ಮಿರಗ ಕೂಡಿತೆಂದು ಅಂದೇ ಕೂರಿಗೆ ಹೂಡುವುದಿಲ್ಲ. ಎರೆ ಹೊಲವನ್ನು ಕೆದರಿ, ಹಸಿ ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡಿಯೇ ತೊಗರಿ ಬಿತ್ತುತ್ತಾನೆ.