ಬಾಗಿಲು ಕಾಯುವವರು, ಹಕ್ಕಿ ಕಾಯುವವರು

ಒಂದು ಕೂಟಕ್ಕೆ ಹೊಸಬ ಬಂದಾಗ ಹಳಬರು ಅವನ ಮುಂದೆ ನಿಯಮಗಳ ಪಟ್ಟಿ ಇಡುತ್ತಾರೆ. ಇದು ಮಾಡು, ಇದು ಮಾಡಬೇಡ. ಮೊದಲು ಕೇಳಿಸಿಕೋ, ಆಮೇಲೆ ಮಾತಾಡು. ಹೀಗೆ ಹೇಳುವ ಹಕ್ಕು ಹಳಬರಿಗೆ ಇದೆಯೇ? ಇದ್ದರೆ ಎಲ್ಲಿಯವರೆಗೆ?

ನಮಗೆ ಈ ಪ್ರಶ್ನೆ ಸಣ್ಣದಲ್ಲ. ಯಾಕಂದ್ರೆ ನಾವು ಹೋದಲ್ಲೆಲ್ಲ ಹೊಸಬರೇ. ಸಾಲಿಗೆ ಹೊಸಬರು, ಕಾಲೇಜಿಗೆ ಹೊಸಬರು, ಪುಸ್ತಕಕ್ಕೆ ಹೊಸಬರು. ಹೆಬ್ಬೆಟ್ಟು ಒತ್ತಿದ ಅಪ್ಪ ಅವ್ವನ ಮನೆಯಲ್ಲಿ ಮೊದಲ ಸಹಿ ಹಾಕಿದವರು ನಾವು. ನಿಯಮ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಾವಿಯ ನಿಯಮ, ಚಹಾದಂಗಡಿಯ ಲೋಟದ ನಿಯಮ, ಗುಡಿಯ ಹೊಸ್ತಿಲಿನ ನಿಯಮ. ಆದ್ದರಿಂದ ನಿಯಮ ಕಂಡಲ್ಲಿ ಮುರಿಯಬೇಕೆಂಬ ಸಿಟ್ಟು ನಮಗೆ ಹುಟ್ಟಿನಿಂದ ಬಂದದ್ದು. ಆ ಸಿಟ್ಟು ನ್ಯಾಯದ್ದು. ಆದರೆ ನ್ಯಾಯದ ಸಿಟ್ಟೂ ಕೆಲವು ಸಲ ತಪ್ಪು ಬಾಗಿಲಿಗೆ ಒದೆಯುತ್ತದೆ. ಯಾವ ಬಾಗಿಲಿಗೆ ಒದೆಯಬೇಕು, ಯಾವ ಬಾಗಿಲನ್ನು ನಾವೇ ನಿಂತು ಕಾಯಬೇಕು ಎಂದು ತಿಳಿಯದಿದ್ದರೆ ಬಂಡಾಯವು ಬರೀ ಗದ್ದಲವಾಗುತ್ತದೆ.

ಈ ಪ್ರಶ್ನೆಯನ್ನು ಅತ್ತಿವೇರಿಯ ನೀರಿನ ದಂಡೆಗೆ ತಂದು ನೋಡೋಣ. ಮುಂಡಗೋಡ ತಾಲ್ಲೂಕಿನ ಈ ಪಕ್ಷಿಧಾಮ ಸುಮಾರು 2.23 ಚದರ ಕಿಲೋಮೀಟರಿನಷ್ಟು ಪುಟ್ಟದು. ಹೊಲಗದ್ದೆಗೆಂದು ನೀರು ನಿಲ್ಲಿಸಿದ ಜಲಾಶಯ. ಹಕ್ಕಿಗಳು ಬಂದು ಅದನ್ನು ತಮ್ಮದು ಮಾಡಿಕೊಂಡವು. ಚಮಚ ಕೊಕ್ಕಿನ ಕೊಕ್ಕರೆ, ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ. ಇದೇ ಸೀಮೆಯಲ್ಲಿ ಎಮ್ಮೆ ಸಾಕುವ ಗೌಳಿಗರಿದ್ದಾರೆ. 2003ರಲ್ಲಷ್ಟೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಗಳು ಮುಂಡಗೋಡ, ಹಳಿಯಾಳ, ಯಲ್ಲಾಪುರದ ಕಡೆ ಇದ್ದಾರೆ. 1966ರಿಂದ ಬಂದು ನೆಲೆಸಿದ ಟಿಬೆಟಿನ ಜನರಿದ್ದಾರೆ. ಇಲ್ಲಿ ಹಳಬ ಯಾರು, ಹೊಸಬ ಯಾರು ಅಂತ ಕೇಳಿದರೆ ಬಾಯಿಗೆ ಬಂದ ಉತ್ತರ ನಡೆಯುವುದಿಲ್ಲ.

ಆದರೆ ಹಕ್ಕಿ ನೋಡುವ ಹವ್ಯಾಸದ ಕೂಟಗಳಲ್ಲಿ ಹಳಬ-ಹೊಸಬರ ಲೆಕ್ಕ ಬಹಳ ಸ್ಪಷ್ಟ. ದುರ್ಬೀನು, ದೊಡ್ಡ ಮಸೂರದ ಕ್ಯಾಮೆರಾ, ಇಂಗ್ಲಿಷ್ ಹೆಸರು, ಲ್ಯಾಟಿನ್ ಹೆಸರು ಬಲ್ಲವರು ಹಳಬರು. ಸಾಲ ಮಾಡಿ ಕೊಂಡ ಮೊಬೈಲು ಹಿಡಿದು, ಹಕ್ಕಿಯ ಹೆಸರನ್ನು ಅವ್ವನ ಬಾಯಿಂದ ಕಲಿತು ಬಂದವರು ಹೊಸಬರು. ಕಂಡ ಹಕ್ಕಿಯನ್ನು ಈಗ ಪಟ್ಟಿ ಮಾಡಿ ಕಳಿಸುತ್ತಾರೆ. ಅಮೆರಿಕದ ಕಾರ್ನೆಲ್ ಸಂಸ್ಥೆ ಮತ್ತು ಆಡುಬಾನ್ ಸೊಸೈಟಿ 2002ರಲ್ಲಿ ಶುರು ಮಾಡಿದ ಇ-ಬರ್ಡ್ ಎಂಬ ದಾಖಲೆಯ ಕಣಜಕ್ಕೆ ನಮ್ಮ ದೇಶದಿಂದಲೂ ದಿನಾ ಪಟ್ಟಿಗಳು ಹೋಗುತ್ತವೆ. ಆ ಊರಿಗೆ, ಆ ತಿಂಗಳಿಗೆ ಹೊಂದದ ಹಕ್ಕಿಯನ್ನು ಬರೆದರೆ ಅಥವಾ ಎಣಿಕೆ ಮಿತಿಮೀರಿದರೆ ಅದು ತಡೆದು ನಿಲ್ಲುತ್ತದೆ. ಸಂಬಳವಿಲ್ಲದೆ ದುಡಿಯುವ ಪರಿಶೀಲಕರು ಪುರಾವೆ ಕೇಳುತ್ತಾರೆ. ಸಾಲದಿದ್ದರೆ ಆ ದಾಖಲೆ ಬರೆದವನ ಸ್ವಂತ ಪಟ್ಟಿಯಲ್ಲಿ ಉಳಿಯುತ್ತದೆ, ಎಲ್ಲರ ಲೆಕ್ಕಕ್ಕೆ ಸೇರುವುದಿಲ್ಲ. ಇದಲ್ಲದೆ ಕೂಟಗಳಿಗೆ ತಮ್ಮವೇ ಕಟ್ಟಳೆಗಳಿವೆ. ಗೂಡಿನ ಹತ್ತಿರ ಹೋಗಬೇಡ, ಗೂಡಿನ ಚಿತ್ರ ಹಂಚಬೇಡ, ಹಕ್ಕಿಯ ಕೂಗನ್ನು ಯಂತ್ರದಲ್ಲಿ ಹಾಕಿ ಅದನ್ನು ಮೋಸದಿಂದ ಕರೆಯಬೇಡ.

ಗೆಳೆಯರೇ, ಈ ನಿಯಮಗಳನ್ನು ಮೊದಲು ನೆಟ್ಟಗೆ ನೋಡೋಣ. ಗೂಡಿನ ಹತ್ತಿರ ಮನುಷ್ಯ ನಿಂತರೆ ತಾಯಿ ಹಕ್ಕಿ ಎದ್ದು ಹಾರುತ್ತದೆ. ಅದು ಮರಳಿ ಬರುವಷ್ಟರಲ್ಲಿ ಕಾಗೆಯೋ ಹದ್ದೋ ಮೊಟ್ಟೆ ಎತ್ತಿರುತ್ತದೆ; ಮೊಟ್ಟೆ ಉಳಿದರೂ ಬಿಸಿಲಿಗೆ ಬೇಯುತ್ತದೆ. ಯಂತ್ರದ ಕೂಗಿಗೆ ಮೋಸಹೋದ ಗಂಡು ಹಕ್ಕಿ ಇಲ್ಲದ ವೈರಿಯನ್ನು ಹುಡುಕುತ್ತ ಮರಿಗೆ ಗುಟುಕು ತರುವ ಹೊತ್ತನ್ನು ಕಳೆಯುತ್ತದೆ. ಇನ್ನು ದಾಖಲೆಯ ಮಾತು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿ ಎಂಬ ವರದಿ, ಸುಮಾರು 30,000 ಹಕ್ಕಿ ನೋಡುಗರು ಬರೆದ 3 ಕೋಟಿಯಷ್ಟು ದಾಖಲೆಗಳನ್ನು ಇಟ್ಟುಕೊಂಡು 942 ಜಾತಿಯ ಹಕ್ಕಿಗಳ ಏರಿಳಿತ ಹೇಳಿತು. ಯಾವುದು ಅಳಿಯುತ್ತಿದೆ, ಯಾವ ಕೆರೆಯನ್ನು ಮೊದಲು ಉಳಿಸಬೇಕು ಎಂಬುದು ಇಂಥ ಲೆಕ್ಕದಿಂದ ತಿಳಿಯುತ್ತದೆ. ಒಬ್ಬ ಹುಮ್ಮಸ್ಸಿನಲ್ಲಿ ಬರೆದ ಸುಳ್ಳು ಹಕ್ಕಿ, ಇನ್ನೆಲ್ಲೋ ಸಾಯುವ ನಿಜವಾದ ಹಕ್ಕಿಯ ಪಾಲನ್ನು ತಿನ್ನಬಹುದು.

ಹಾಗಾದ್ರೆ ನಿಯಮ ಬೇಕು. ಹೊಸಬನಿಗೂ ಬೇಕು. ಕೇರಿಯಿಂದ ಬಂದವನೆಂಬ ಕಾರಣಕ್ಕೆ ನಮಗೆ ರಿಯಾಯಿತಿ ಬೇಡ. ಬಡವನ ಕವಣೆಯಿಂದ ಬಂದ ಕಲ್ಲೂ ಹಕ್ಕಿಗೆ ಕಲ್ಲೇ. ನಮ್ಮ ಹುಡುಗರು ಹಾಕುವ ಉರುಲೂ ಉರುಲೇ. ಶೋಷಿತರು ನಾವು ಎಂಬ ಮಾತು, ನಮಗಿಂತ ಬಾಯಿಲ್ಲದ ಜೀವದ ಕತ್ತು ಹಿಸುಕಲು ಕೊಟ್ಟ ಪರವಾನಗಿಯಲ್ಲ.

ಜಗಳ ಶುರುವಾಗುವುದು ಇದರ ಮುಂದೆ. ನಿಯಮ ಹಕ್ಕಿಯನ್ನು ಕಾಯುತ್ತಿದೆಯೋ, ಹಳಬನ ಕುರ್ಚಿಯನ್ನು ಕಾಯುತ್ತಿದೆಯೋ? ಎರಡೂ ಒಂದೇ ಬಾಯಿಂದ, ಒಂದೇ ದನಿಯಲ್ಲಿ ಬರುವುದರಿಂದ ಬೇರ್ಪಡಿಸುವುದು ಕಷ್ಟ. ಬೇರ್ಪಡಿಸಲು ನಾವು ಮೂರು ಪ್ರಶ್ನೆ ಕೇಳುತ್ತೇವೆ.

ಮೊದಲನೆಯದು: ಈ ನಿಯಮ ಹಳಬನಿಗೂ ಇದೆಯೇನು?

ಇಂಗ್ಲೆಂಡಿನ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹೇಗನ್ ಹಕ್ಕಿಶಾಸ್ತ್ರದಲ್ಲಿ ಬಹಳ ದೊಡ್ಡ ಹೆಸರು. 1967ರಲ್ಲಿ ಸಾಯುವತನಕ ಮರ್ಯಾದೆಯಿಂದ ಬಾಳಿದ. ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, 1990ರ ದಶಕದಲ್ಲಿ, ಅವನ ಸಂಗ್ರಹದ ಹಕ್ಕಿಗಳನ್ನು ತಿರುವಿ ನೋಡಿದವರು ಬೆಚ್ಚಿದರು. ಮ್ಯೂಸಿಯಮ್ಮುಗಳಿಂದ ಕದ್ದ ಹಕ್ಕಿಗಳಿಗೆ ಹೊಸ ಚೀಟಿ ಅಂಟಿಸಿ, ಊರು ತಾರೀಕು ಬದಲಿಸಿ, ತಾನೇ ಹೊಡೆದದ್ದೆಂದು ಬರೆದಿಟ್ಟಿದ್ದ. ನಮ್ಮ ದೇಶದ ಕಾಡಿನ ಒಂದು ಪುಟ್ಟ ಗೂಬೆಯನ್ನು 1914ರಲ್ಲಿ ಗುಜರಾತಿನಲ್ಲಿ ಪಡೆದೆನೆಂದು ಹೇಳಿದ್ದೂ ಇಂಥದೇ ಸುಳ್ಳು. ಆ ಸುಳ್ಳು ಊರನ್ನು ನಂಬಿ ಹುಡುಕಿದವರಿಗೆ ಗೂಬೆ ಸಿಗಲಿಲ್ಲ. ಸುಳ್ಳನ್ನು ಪಕ್ಕಕ್ಕಿಟ್ಟು ಹಳೆಯ ನಿಜವಾದ ಚೀಟಿಗಳ ಜಾಡು ಹಿಡಿದು ಹೋದಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಅದು ಕಂಡಿತು. 1884ರ ನಂತರ, 113 ವರ್ಷಕ್ಕೆ. ಪುರಾವೆ ಕೇಳುವ ನಿಯಮ ಆಗ ಇರಲಿಲ್ಲವೇ? ಇತ್ತು. ಕರ್ನಲ್ ಸಾಹೇಬನನ್ನು ಕೇಳುವ ಧೈರ್ಯ ಇರಲಿಲ್ಲ. ಹೊಸಬನ ತಪ್ಪು ಒಂದು ದಿನದ ಪಟ್ಟಿಯನ್ನು ಕೆಡಿಸೀತು. ಪ್ರಶ್ನೆಗೆ ಸಿಗದ ದೊಡ್ಡವನ ಸುಳ್ಳು ಮೂರು ತಲೆಮಾರಿನ ತಿಳುವಳಿಕೆಯನ್ನು ಕೆಡಿಸುತ್ತದೆ.

ಎರಡನೆಯದು: ಹೊಸಬ ಪಾಲಿಸಲು ಆಗುವ ರೀತಿಯಲ್ಲಿ ನಿಯಮ ಇದೆಯೇನು?

"ತಮ್ಮಾ, ಫೋಟೊ ಐತೇನು? ಇಲ್ಲಾಂದ್ರ ಹೆಂಗ ನಂಬೂದು?" ಅನ್ನುತ್ತಾರೆ. ದೂರದ ಹಕ್ಕಿಯನ್ನು ಹಿಡಿಯುವ ಮಸೂರಕ್ಕೆ ನಮ್ಮ ಮನೆಯ ಒಂದು ವರ್ಷದ ಕೂಲಿ ಸಾಲದು. ಮಾತಿನಲ್ಲಿ ನಿಯಮ ಎಲ್ಲರಿಗೂ ಒಂದೇ, ತೂಕದಲ್ಲಿ ಒಂದೇ ಅಲ್ಲ. ತಮಾಷೆ ಅಂದ್ರೆ, ಇ-ಬರ್ಡಿನ ಮೂಲ ನಿಯಮ ಫೋಟೊ ಒಂದನ್ನೇ ಕೇಳುವುದಿಲ್ಲ. ಹಕ್ಕಿಯ ಗಾತ್ರ, ಕೊಕ್ಕು, ಕಾಲಿನ ಬಣ್ಣ, ಹಾರುವ ರೀತಿ, ಹತ್ತಿರದ ಬೇರೆ ಹಕ್ಕಿಯಿಂದ ಹೇಗೆ ಬೇರೆ ಎಂದು ಮಾತಿನಲ್ಲಿ ಬರೆದರೂ ಅದು ಪುರಾವೆಯೇ. ನಿಯಮ ಅಗಲವಾಗಿದೆ, ಕಾಯುವವನ ಕೈ ಇಕ್ಕಟ್ಟು ಮಾಡುತ್ತದೆ. ಅತ್ತಿವೇರಿಯ ದಂಡೆಯಲ್ಲಿ ಎಮ್ಮೆ ಬಿಟ್ಟುಕೊಂಡು ದಿನವಿಡೀ ನಿಂತವನಿಗೆ ಬೆಳ್ಳಕ್ಕಿಯ ಕಾಲು ಯಾವ ತಿಂಗಳು ಯಾವ ಬಣ್ಣ ಎಂದು ಗೊತ್ತು. ಅದನ್ನು ಅವನ ಮಾತಿನಲ್ಲಿ ಕೇಳಿ ಬರೆದುಕೊಳ್ಳುವ ಕಿವಿ ಬೇಕು.

ಇಂಥ ಕಿವಿ ಇದ್ದಾಗ ಏನಾಗುತ್ತದೆಂಬುದಕ್ಕೆ ಪಕ್ಕದ ಆಂಧ್ರದ ಸಾಕ್ಷಿ ಇದೆ. 1848ರ ಸುಮಾರಿಗೆ ಜರ್ಡನ್ ಎಂಬ ಇಂಗ್ಲಿಷರವನು ಕಂಡುಹಿಡಿದ ಒಂದು ಓಟದ ಹಕ್ಕಿ 1900ರ ಮೇಲೆ ಯಾರಿಗೂ ಕಂಡಿರಲಿಲ್ಲ. ಅಳಿದೇ ಹೋಯಿತೆಂದು ಪುಸ್ತಕಗಳು ಬರೆದವು. 1986ರ ಜನವರಿಯಲ್ಲಿ ಕಡಪಾ ಜಿಲ್ಲೆಯಲ್ಲಿ ಅದನ್ನು ರಾತ್ರಿ ಬೆಳಕು ಬಿಟ್ಟು ಹಿಡಿದು ತಂದವನು ಐತನ್ನ ಎಂಬ ಹಕ್ಕಿ ಹಿಡಿಯುವಾತ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಊರೂರು ತಿರುಗಿ, ಚಿತ್ರ ತೋರಿಸಿ, ಇಂಥವರನ್ನು ಕೇಳಿದ್ದರಿಂದ ಅದು ಸಿಕ್ಕಿತು. ತೆಲುಗಿನಲ್ಲಿ ಅದಕ್ಕೆ ಕಲಿವಿ ಕೋಡಿ ಎಂಬ ಹೆಸರೂ ಇತ್ತು. ಹೆಸರಿಟ್ಟು ಕರೆಯುವ ಜನ ಇರುವಾಗ ಹಕ್ಕಿ ಅಳಿಯಿತೆಂದು ಬರೆದವರು ಯಾರನ್ನು ಕೇಳದೆ ಬರೆದರು? ನಾಲ್ಕು ಗೋಡೆಯ ಒಳಗಿನ ಹಳಬರನ್ನಷ್ಟೇ ಕೇಳಿ ಬರೆದರು.

ಮೂರನೆಯದು: ಹೊಸಬನೂ ಆ ನಿಯಮವನ್ನು ಎತ್ತಿ ಹಿಡಿದು ಹಳಬನನ್ನು ತಡೆಯಬಹುದೇ?

2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕ್ರಿಶ್ಚಿಯನ್ ಕೂಪರ್ ಹಕ್ಕಿ ನೋಡುತ್ತಿದ್ದ. ನೆಲದಲ್ಲಿ ಮೇಯುವ ಹಕ್ಕಿಗಳಿಗೆ ತೊಂದರೆಯಾಗುವುದರಿಂದ ಅಲ್ಲಿ ನಾಯಿಗೆ ಹಗ್ಗ ಕಟ್ಟಬೇಕೆಂಬ ನಿಯಮ. ಬಿಟ್ಟ ನಾಯಿಗೆ ಹಗ್ಗ ಹಾಕಿರಿ ಎಂದು ಅವನು ಒಬ್ಬ ಬಿಳಿಯ ಹೆಂಗಸಿಗೆ ಹೇಳಿದ. ಕಪ್ಪು ಮನುಷ್ಯನೊಬ್ಬ ಜೀವಕ್ಕೆ ಬೆದರಿಕೆ ಹಾಕುತ್ತಿದ್ದಾನೆಂದು ಅವಳು ಪೊಲೀಸರಿಗೆ ಫೋನು ಮಾಡಿದಳು. ಅದೇ ದಿನ ಮಿನಿಯಾಪೊಲಿಸ್ಸಿನಲ್ಲಿ ಜಾರ್ಜ್ ಫ್ಲಾಯ್ಡನ ಕತ್ತಿನ ಮೇಲೆ ಪೊಲೀಸನ ಮೊಣಕಾಲು ಇತ್ತು. ಕೂಪರ್ ಹಕ್ಕಿ ನೋಡುವುದರಲ್ಲಿ ಪಳಗಿದವನು. ನಿಯಮ ಅವನ ಕಡೆ ಇತ್ತು. ಆದರೂ ಅವನ ಚರ್ಮ ಅವನನ್ನು ಹೊರಗಿನವನನ್ನಾಗಿ ಮಾಡಿತು. ನಮ್ಮಲ್ಲೂ ಹೀಗೇ. ಹಳಬ ಹೊಸಬನಿಗೆ "ಗೂಡಿನಿಂದ ದೂರ ಸರಿ" ಅಂದರೆ ಅದು ಶಿಸ್ತು. ಕೇರಿಯ ಹುಡುಗ ಕಾರಿನಲ್ಲಿ ಬಂದ ದೊಡ್ಡ ಕ್ಯಾಮೆರಾದವರಿಗೆ "ಸರ್, ಗೂಡಿನ ಹತ್ರ ಹೋಗಬ್ಯಾಡ್ರಿ" ಅಂದರೆ ಅದು ಸೊಕ್ಕು. ಒಂದೇ ವಾಕ್ಯ, ಎರಡು ಬಾಯಿ, ಎರಡು ಬೆಲೆ. ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವ ನಿಯಮಕ್ಕೆ ನಮ್ಮ ಊರಲ್ಲಿ ಹಳೆಯ ಹೆಸರಿದೆ. ಅದನ್ನು ಜಾತಿ ಅಂತಾರೆ.

ಇದಕ್ಕೆ ಹಳಬರ ಉತ್ತರವೂ ಇದೆ. ಕೇಳೋಣ. "ನಾವು ಮೂವತ್ತು ವರ್ಷ ಬಿಸಿಲು ಮಳೆಯಲ್ಲಿ ನಿಂತು ಗಳಿಸಿದ ನಂಬಿಕೆ ನಿನ್ನೆ ಬಂದವನಿಗೆ ಹೇಗೆ ಸಿಗಬೇಕು? ನೂರಾರು ಪಟ್ಟಿ ನೋಡುವವರು ಒಬ್ಬೊಬ್ಬರಿಗೂ ಪಾಠ ಮಾಡುತ್ತ ಕೂಡಲು ಆಗುತ್ತದೆಯೇ?" ಈ ಮಾತಿನಲ್ಲಿ ಹುರುಳಿದೆ. ನಂಬಿಕೆ ಗಳಿಸಬೇಕಾದದ್ದೇ. ಮೂವತ್ತು ವರ್ಷ ಸರಿಯಾಗಿ ಬರೆದವನ ಪಟ್ಟಿ ಬೇಗ ಮುಂದೆ ಹೋಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಗಳಿಸಿದ ನಂಬಿಕೆ ಪ್ರಶ್ನೆಯಿಂದ ಬಿಡುಗಡೆಯ ಪತ್ರವಾಗಬಾರದು. ಅದನ್ನು ಕ್ಯಾಮೆರಾದಿಂದ, ಇಂಗ್ಲಿಷಿನಿಂದ, ಮನೆಹೆಸರಿನಿಂದ ಅಳೆಯಬಾರದು; ಬರೆದ ಪಟ್ಟಿಯಿಂದ ಅಳೆಯಬೇಕು. ಪಾಠ ಮಾಡುವ ಪುರುಸೊತ್ತಿನ ಮಾತಿಗೆ ಉತ್ತರ ಇನ್ನೂ ಸುಲಭ. ಯಾಕೆ ತಡೆದೆವೆಂದು ಕನ್ನಡದಲ್ಲಿ ನಾಲ್ಕು ಸಾಲು ಒಂದೇ ಸಲ ಬರೆದಿಟ್ಟರೆ ಸಾವಿರ ಜನಕ್ಕೆ ಕೊಡಬಹುದು. ಕಾರಣ ಹೇಳಿ ತಡೆದರೆ ಹೊಸಬ ಕಲಿಯುತ್ತಾನೆ. ಕಾರಣ ಹೇಳದೆ ತಡೆದರೆ ಅವನು ಕಲಿಯುವುದು ಒಂದೇ: ಇದು ನನ್ನ ಜಾಗವಲ್ಲ.

ಕೆಲವರು ಅಂತಾರೆ, "ನಮ್ಮ ಕೂಟ ಎಲ್ಲರಿಗೂ ತೆರೆದಿದೆ, ಯಾರನ್ನೂ ನಾವು ಬೇಡ ಅಂದಿಲ್ಲ." ತೆರೆದ ಬಾಗಿಲಿನ ಚರಿತ್ರೆಯನ್ನು ನಾವು ಓದಿದ್ದೇವೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಸೇರಿದ್ದೆಂದು ಮುಂಬಯಿ ಶಾಸನ ಪರಿಷತ್ತು ಗೊತ್ತುವಳಿ ಮಾಡಿದ್ದು 1923ರಲ್ಲಿ. ಮಹಾಡದ ಪುರಸಭೆ ಒಪ್ಪಿ ತನ್ನ ಕೆರೆಯನ್ನು ತೆರೆದದ್ದು 1924ರಲ್ಲಿ. ಕಾಗದದ ಮೇಲೆ ಕೆರೆ ತೆರೆದೇ ಇತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಚವದಾರ ಕೆರೆಯ ನೀರು ಕುಡಿಯಬೇಕಾಯಿತು. ಕುಡಿದ ಮೇಲೆ ಏಟು ಬಿದ್ದವು, ಕೆರೆಗೆ ಸಗಣಿ ಗಂಜಲ ಸುರಿದು ಶುದ್ಧ ಮಾಡಿದರು. ಒಂದು ಪಟ್ಟಿ ಮತ್ತು ಒಂದು ಕೆರೆಯ ನೀರು ಸಮವೆಂದು ನಾವು ಹೇಳುತ್ತಿಲ್ಲ. ಬಾಯಾರಿಕೆಯನ್ನು ಹವ್ಯಾಸಕ್ಕೆ ಹೋಲಿಸುವ ಹಗುರತನ ನಮಗೆ ಬೇಡ. ಕೆರೆಯಿಂದ ನಾವು ಕಲಿತ ಪಾಠ ಇಷ್ಟು: ಬೇಡ ಅನ್ನದಿದ್ದರೆ ಸಾಲದು, ಬಾ ಅನ್ನಬೇಕು. ಬಂದವನು ತಪ್ಪಿದರೆ ತಿದ್ದಬೇಕು. ತಿದ್ದಿದ ಮೇಲೆ ಆ ತಪ್ಪನ್ನು ಅವನ ಬೆನ್ನಿಗೆ ಚೀಟಿಯಾಗಿ ಅಂಟಿಸಬಾರದು. ತಪ್ಪು ತಿದ್ದುವುದು ಬೇರೆ, ಮೈಲಿಗೆ ತೊಳೆಯುವುದು ಬೇರೆ.

ಕೊನೆಗೆ ನಮ್ಮವರಿಗೇ ಒಂದು ಮಾತು. ನಾವು ಯಾವಾಗಲೂ ಹೊಸಬರಾಗಿ ಉಳಿಯುವುದಿಲ್ಲ. ನಾಲ್ಕು ಹಕ್ಕಿಯ ಹೆಸರು ಕಲಿತ ಕೂಡಲೇ, ಎರಡು ಪದ್ಯ ಅಚ್ಚಾದ ಕೂಡಲೇ, ನಮ್ಮ ಕೈಗೂ ಬಾಗಿಲಿನ ಚಿಲಕ ಬರುತ್ತದೆ. ಡಿಗ್ರಿ ಪಡೆದ ನಾವು, ಓದದ ತಮ್ಮನಿಗೆ, ಕಾಡಿನಿಂದ ಬಂದ ಸಿದ್ದಿ ಹುಡುಗಿಗೆ, ಗೌಳಿಗರ ಹುಡುಗನಿಗೆ ಯಾವ ದನಿಯಲ್ಲಿ ನಿಯಮ ಹೇಳುತ್ತೇವೆ? ನಮಗೆ ಹೇಳಿದ ದನಿಯಲ್ಲೇ ಹೇಳಿದರೆ ನಾವು ಬದಲಿಸಿದ್ದು ಕಾವಲುಗಾರನನ್ನು ಮಾತ್ರ.

ಗೂಡಿನಿಂದ ದೂರ ನಿಲ್ಲೋಣ, ಎಲ್ಲರೂ ಒಂದೇ ದೂರದಲ್ಲಿ. ಕಂಡದ್ದನ್ನೇ ಬರೆಯೋಣ, ಯಾರು ಕೇಳಿದರೂ ಪುರಾವೆ ಕೊಡೋಣ, ಯಾರನ್ನಾದರೂ ಪುರಾವೆ ಕೇಳೋಣ. ಈ ಮಾತಿಗೆ ಒಪ್ಪುವ ಕೂಟದ ಎಲ್ಲಾ ಕಟ್ಟಳೆಗೆ ನಾವು ತಲೆಬಾಗುತ್ತೇವೆ. ಒಪ್ಪದ ಕೂಟ ಎಷ್ಟು ಹಕ್ಕಿ ಎಣಿಸಿದರೂ, ಮನುಷ್ಯರನ್ನು ಎಣಿಸಲು ಇನ್ನೂ ಕಲಿತಿಲ್ಲ.