ಗೆರೆ ಮುಟ್ಟಿದ ಹಿಮ್ಮಡಿ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯವನ್ನು ಮುಗಿಸುವ ನೆಪದಲ್ಲಿ ಬೆಂಗಳೂರಿನಿಂದ ವಿರಾಜಪೇಟೆ ಕಡೆಯ ನಮ್ಮೂರಿಗೆ ಬಂದಿದ್ದೆ. ಹತ್ತಿರದ ಕಾಲೇಜೊಂದರ ಹುಡುಗ ಹುಡುಗಿಯರು ಅಲ್ಟಿಮೇಟ್ ಫ್ರಿಸ್ಬಿ ಆಡಲು ಶುರುಮಾಡಿದ್ದರು. ಎಂ.ಎ. ಓದುವಾಗ ನಾನೂ ಆಡಿದವಳೆಂದು ಯಾರೋ ಹೇಳಿರಬೇಕು. ‘ಬೆಂಗಳೂರಿನ ಟೂರ್ನಿಗೆ ತಂಡ ಆರಿಸಿಕೊಡಿ ಅಕ್ಕ’ ಎಂದು ಮನೆಗೇ ಬಂದು ಕೇಳಿದರು. ಇಪ್ಪತ್ತೊಂದು ಮಂದಿಯಲ್ಲಿ ಹದಿನಾಲ್ಕು ಮಂದಿಯನ್ನು ಆರಿಸಬೇಕು. ಮೂರು ಸಂಜೆ ಸಾಕು ಅಂದುಕೊಂಡೆ. ಆ ಮೂರು ಸಂಜೆಗಳ ತಪ್ಪೊಂದು ಇನ್ನೂ ನನ್ನನ್ನು ಬಿಟ್ಟಿಲ್ಲ.

ಈ ಆಟ ನೋಡಿಲ್ಲದವರಿಗೆ ಎರಡು ಮಾತು. 175 ಗ್ರಾಂ ತೂಕದ ಒಂದು ತಟ್ಟೆ, ಪ್ರತಿ ಬದಿಗೆ ಏಳು ಜನ. ತಟ್ಟೆ ಕೈಯಲ್ಲಿದ್ದಾಗ ಓಡುವಂತಿಲ್ಲ. ಹತ್ತು ಎಣಿಸುವುದರೊಳಗೆ ಇನ್ನೊಬ್ಬರಿಗೆ ಎಸೆಯಬೇಕು. ಎದುರಾಳಿಯ ಕೊನೆಯ ಅಂಕಣದೊಳಗೆ ನಮ್ಮವರೊಬ್ಬರು ಹಿಡಿದರೆ ಒಂದು ಅಂಕ. ನೆಲಕ್ಕೆ ಬಿದ್ದರೆ, ಅಥವಾ ಹಿಡಿದವರು ಗೆರೆ ಮುಟ್ಟಿದರೆ, ತಟ್ಟೆ ಎದುರಾಳಿಯ ಪಾಲು. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಹೈಸ್ಕೂಲಿನ ಮಕ್ಕಳು ಶುರುಮಾಡಿದ ಈ ಆಟದ ವಿಶೇಷ ಬೇರೆಯೇ ಇದೆ: ಮಾಮೂಲಿನಂತೆ ಇದಕ್ಕೆ ರೆಫರಿ ಇಲ್ಲ. ಫೌಲ್ ಆದರೆ ಆದವರೇ ಹೇಳಬೇಕು. ಎದುರಿನವರು ಒಪ್ಪದಿದ್ದರೆ ತಟ್ಟೆ ಎಸೆದವರ ಕೈಗೆ ಮರಳಿ, ಆಟ ಅಲ್ಲಿಂದ ಮುಂದುವರಿಯುತ್ತದೆ. ಕಾಲು ಗೆರೆ ಮುಟ್ಟಿತೋ ಇಲ್ಲವೋ ಎಂಬುದನ್ನು ಚೆನ್ನಾಗಿ ನೋಡಿದವರು ಹೇಳಬೇಕು. ಎಷ್ಟೋ ಸಲ ಆ ಕಾಲಿನ ಒಡೆಯರೇ ಚೆನ್ನಾಗಿ ನೋಡಿದವರು.

ನಾನು ಒಂದು ಹಾಳೆಯಲ್ಲಿ ಮನೆ ಹಾಕಿಕೊಂಡೆ. ಎಸೆತ, ಹಿಡಿತ, ಓಟ, ತಡೆ: ಒಂದೊಂದಕ್ಕೂ ಐದರಲ್ಲಿ ಅಂಕ. ಕೊನೆಯ ಮನೆಯಲ್ಲಿ, ತಟ್ಟೆ ಎದುರಾಳಿಗೆ ಹೋದಾಗೆಲ್ಲ ಕಳಕೊಂಡವರ ಹೆಸರಿನ ಮುಂದೆ ಒಂದು ಮೈನಸ್. ಹೀಗೆ ಮಾಡಿದರೆ ಯಾರ ಮುಖವನ್ನೂ ನೋಡದೆ ನ್ಯಾಯ ಸಿಗುತ್ತದೆ ಎಂಬ ಭರವಸೆ ನನಗಿತ್ತು.

ಮೂರನೆಯ ಸಂಜೆ. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಮಧ್ಯಾಹ್ನದ ಮಳೆಗೆ ಅರ್ಧ ಕರಗಿತ್ತು. ಎರಡನೇ ಬಿ.ಕಾಂ.ನ ಹುಡುಗಿಯೊಬ್ಬಳು ಅಂಕಣದ ಮೂಲೆಯಲ್ಲಿ ಹಾರಿ, ಕೈಗೆ ಎಟುಕದಂತಿದ್ದ ತಟ್ಟೆಯನ್ನು ಹಿಡಿದಳು. ಎಲ್ಲರೂ ಕೇಕೆ ಹಾಕಿದರು. ಅವಳು ಕೆಳಗೆ ನೋಡಿ, ‘ಹಿಮ್ಮಡಿ ಗೆರೆ ಮೇಲಿತ್ತು, ಔಟ್’ ಎಂದು ತಟ್ಟೆಯನ್ನು ನೆಲಕ್ಕಿಟ್ಟು ಹಿಂದಕ್ಕೆ ಓಡಿದಳು. ಬೇರೆ ಯಾರೂ ಅದನ್ನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ತಟ್ಟೆ ಎದುರಾಳಿಗೆ ಹೋಯಿತಲ್ಲ, ಅವಳ ಹೆಸರಿನ ಮುಂದೆ ಒಂದು ಮೈನಸ್ ಹಾಕಿದೆ.

ಹದಿನಾಲ್ಕನೆಯ ಜಾಗಕ್ಕೆ ಅವಳಿಗೂ ಒಬ್ಬ ಹುಡುಗನಿಗೂ ಒಂದೇ ಅಂಕದ ವ್ಯತ್ಯಾಸ ಬಂತು. ಹುಡುಗ ಹೋದ. ಎರಡು ದಿನ ಬಿಟ್ಟು ಅವಳು ಬಂದು, ತನಗೆ ಎಲ್ಲಿ ಕಡಿಮೆಯಾಯಿತು ಎಂದು ಕೇಳಿದಳು. ಹಾಳೆ ತೋರಿಸಿದೆ. ಅವಳು ಆ ಮೈನಸ್ ಮೇಲೆ ಬೆರಳಿಟ್ಟು, ‘ಇದು ನಾನು ಬಿಟ್ಟದ್ದಲ್ಲ ಅಕ್ಕ, ಕೊಟ್ಟದ್ದು’ ಎಂದಳು.

ನೈತಿಕತೆಯ ಬಗ್ಗೆಯೇ ಪ್ರಬಂಧ ಬರೆಯುತ್ತಿರುವ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ.

ಆಟಗಾರರನ್ನು ಅಳೆಯುವುದು ಕೊಡಗಿನವರಿಗೆ ಹೊಸತೇನೂ ಅಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯನವರ ನೆಲ ಇದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬ ತಂಡಗಳೊಂದಿಗೆ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳನ್ನು ಕಂಡು ಗಿನ್ನೆಸ್ ದಾಖಲೆ ಸೇರಿತು. ನಾನು ಕೊಡವ ಕುಟುಂಬದವಳಲ್ಲ. ಆ ಉತ್ಸವವನ್ನು ಗ್ಯಾಲರಿಯಲ್ಲಿ ಕೂತು ನೋಡುತ್ತಾ ಬೆಳೆದವಳು. ಪಕ್ಕದಲ್ಲಿ ಕೂತ ಹಿರಿಯರ ಬಾಯಲ್ಲಿ ತೀರ್ಪುಗಳು ಬರುತ್ತಲೇ ಇರುತ್ತವೆ. ‘ಇವನಿಗೆ ಸ್ಟಿಕ್ ಇದೆ, ಕಣ್ಣಿಲ್ಲ’ ಎಂದು ಒಬ್ಬರು ಅನ್ನುವುದು, ‘ಚೆಂಡು ಬರುವ ಮೊದಲೇ ಅಲ್ಲಿ ನಿಂತಿದ್ದನಲ್ಲ, ಅದನ್ನು ನೋಡಿ’ ಎಂದು ಇನ್ನೊಬ್ಬರು ತಿದ್ದುವುದು. ಯಾವ ಹಾಳೆಯ ಯಾವ ಮನೆಯಲ್ಲೂ ಕೂರದ ಕೌಶಲವನ್ನು ಆ ಕಣ್ಣುಗಳು ಹಿಡಿಯುತ್ತಿದ್ದವು.

ಆದರೆ ಹಾಕಿಯಲ್ಲಿ ಅಂಪೈರ್ ಇದ್ದಾರೆ. ಡಿಫೆಂಡರ್‌ನ ಕಾಲಿಗೆ ಚೆಂಡು ತಾಗಿತು, ಸೀಟಿ ಊದಲಿಲ್ಲ, ಅವನು ಆಟ ಮುಂದುವರಿಸಿದ ಅನ್ನಿ. ಅವನನ್ನು ಸುಳ್ಳುಗಾರ ಎನ್ನಲು ನಮಗೆ ಮನಸ್ಸಾಗುವುದಿಲ್ಲ. ಸತ್ಯ ಹೇಳುವ ಹೊರೆಯನ್ನು ಆ ಆಟ ಬೇರೊಬ್ಬರ ಹೆಗಲಿಗೆ ಹಾಕಿದೆ. ಫ್ರಿಸ್ಬಿಯಲ್ಲಿ ಆ ಹೊರೆ ಆಡುವವರದೇ. ಅಲ್ಲಿ ಹಿಡಿಯುವುದು ಆಟದ ಅರ್ಧ ಭಾಗ. ಹಿಡಿದದ್ದು ಸಲ್ಲುತ್ತದೆಯೇ ಎಂದು ತೀರ್ಮಾನಿಸುವುದು ಉಳಿದರ್ಧ. ನಾನು ಮೊದಲರ್ಧಕ್ಕೆ ಮಾತ್ರ ಅಂಕ ಕೊಟ್ಟಿದ್ದೆ.

ಅರಿಸ್ಟಾಟಲ್ ನಿಕೊಮೇಕಿಯನ್ ಎಥಿಕ್ಸ್‌ನ ಆರನೆಯ ಭಾಗದಲ್ಲಿ ಕೌಶಲಕ್ಕೂ ಶೀಲಕ್ಕೂ ಒಂದು ಗೆರೆ ಎಳೆಯುತ್ತಾನೆ. ಕುಶಲಕರ್ಮಿ ಬೇಕೆಂದೇ ತಪ್ಪು ಮಾಡಿದರೆ ಅವನ ಕೌಶಲಕ್ಕೆ ಕುಂದಿಲ್ಲ. ಅರಿಯದೆ ತಪ್ಪುವವನಿಗಿಂತ ಅವನೇ ಮೇಲು. ಶೀಲದ ವಿಷಯದಲ್ಲಿ ಇದು ತಲೆಕೆಳಗಾಗುತ್ತದೆ: ಬೇಕೆಂದೇ ತಪ್ಪುವವನೇ ಕೀಳು. ಇದನ್ನು ಮೈದಾನಕ್ಕೆ ತಂದು ನೋಡಿದೆ. ಹಾರಿ ಇಳಿಯುವಾಗ ತನ್ನ ಹಿಮ್ಮಡಿ ಎಲ್ಲಿ ಬಿತ್ತೆಂದು ತಿಳಿಯದವನು ಕೌಶಲದಲ್ಲಿ ಹಿಂದೆ. ತಿಳಿದೂ ಸುಮ್ಮನಿರುವವನು ಕೌಶಲದಲ್ಲಿ ಮುಂದೆಯೇ ಇದ್ದಾನೆ, ಶೀಲದಲ್ಲಿ ಹಿಂದೆ. ಆ ಹುಡುಗಿ ಎರಡರಲ್ಲೂ ಮುಂದಿದ್ದಳು. ಗಾಳಿಯಲ್ಲಿ ಮೈಚಾಚಿ, ಕಣ್ಣು ತಟ್ಟೆಯ ಮೇಲಿರುವಾಗಲೂ ಕಾಲಿನ ಲೆಕ್ಕ ಅವಳಿಗೆ ತಪ್ಪಿರಲಿಲ್ಲ. ಅದು ಅಭ್ಯಾಸದಿಂದ ಬರುವ ಅರಿವು. ಐದರಲ್ಲಿ ಐದು ಕೊಡಬೇಕಾದದ್ದು. ಆ ಅರಿವು ಕೆಲಸ ಮಾಡಿದ ಕ್ಷಣವನ್ನೇ ನಾನು ತಪ್ಪೆಂದು ಬರೆದಿದ್ದೆ.

ಹಾಗಾದರೆ ‘ಪ್ರಾಮಾಣಿಕತೆ’ ಎಂದು ಆರನೆಯ ಮನೆ ಹಾಕಬೇಕಿತ್ತೇ? ಒಂದು ರಾತ್ರಿ ಹಾಗೆಯೇ ಅನ್ನಿಸಿತು. ಬೆಳಗಾಗುವಾಗ ಅದರ ಅಪಾಯವೂ ಕಂಡಿತು. ಆ ಮನೆ ಇದೆಯೆಂದು ಗೊತ್ತಾದ ದಿನದಿಂದ ಮೈದಾನದಲ್ಲಿ ತಪ್ಪೊಪ್ಪಿಗೆಗಳ ಸುರಿಮಳೆಯಾಗುತ್ತದೆ. ಅಂಕಕ್ಕಾಗಿ ಹೇಳಿದ ಸತ್ಯವೂ ಸತ್ಯವೇ ಹೌದು, ಆದರೆ ಅದರಿಂದ ಹೇಳಿದವರ ಗುಣ ತಿಳಿಯುವುದಿಲ್ಲ. ಈ ಆಟವನ್ನು ಕಟ್ಟಿದವರಿಗೆ ಇದು ಗೊತ್ತಿದ್ದಂತಿದೆ. ಪಂದ್ಯದ ನಂತರ ಎರಡೂ ತಂಡಗಳು ಪರಸ್ಪರರಿಗೆ ‘ಸ್ಪಿರಿಟ್’ ಅಂಕ ಕೊಡುತ್ತವೆ. ನಿಯಮಗಳ ಅರಿವು, ಮೈತಾಗಿಸದ ಆಟ, ನ್ಯಾಯಬುದ್ಧಿ, ಸಂಯಮ, ಮಾತುಕತೆ ಹೀಗೆ ಐದು ಬಾಬತ್ತು. ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು. ಸಾಮಾನ್ಯವಾಗಿ ಚೆನ್ನಾಗಿ ಆಡಿದರೆ ಎರಡು. ಅಂಕ ಕೊಡುವವರು ಎದುರಾಳಿಗಳು, ಪಡೆಯುವುದು ಇಡೀ ತಂಡ, ಪಂದ್ಯದ ಸೋಲು ಗೆಲುವಿಗೆ ಅದು ಸೇರುವುದಿಲ್ಲ. ಒಬ್ಬ ಆಟಗಾರಳ ಜಾಗ ನಿರ್ಧರಿಸುವ ಆಯ್ಕೆದಾರಳ ಕೈಗೆ ಆ ಅಳತೆಗೋಲನ್ನು ಕೊಟ್ಟಿಲ್ಲ.

ಹಾಗಾಗಿ ನನ್ನ ಹೊಣೆ ನಾನು ಮೊದಲು ಎಣಿಸಿದ್ದಕ್ಕಿಂತ ಚಿಕ್ಕದು ಅನ್ನಿಸುತ್ತದೆ, ಆದರೆ ತಪ್ಪಿಸಿಕೊಳ್ಳಲಾಗದ್ದು. ಅವಳ ಸತ್ಯಕ್ಕೆ ಬಹುಮಾನ ಕೊಡುವುದು ನನ್ನ ಕೆಲಸವಲ್ಲ; ದಂಡ ಹಾಕದಿರುವುದು ನನ್ನ ಕೆಲಸ. ಗೆರೆ ಮುಟ್ಟಿದ್ದಕ್ಕೆ ಆಟ ಅವಳಿಂದ ಒಂದು ಬೆಲೆ ಪಡೆದಾಗಿತ್ತು: ಅಂಕ ಹೋಯಿತು, ತಟ್ಟೆಯೂ ಹೋಯಿತು. ಅದೇ ಬೆಲೆಯನ್ನು ನಾನು ಹಾಳೆಯಲ್ಲಿ ಎರಡನೆಯ ಸಲ ವಸೂಲು ಮಾಡಿದೆ. ‘ನೀನು ಗೆರೆ ಮುಟ್ಟಿದ್ದೇ ತಪ್ಪಲ್ಲವೇ’ ಎಂದು ಕೇಳಬಹುದು. ಹೌದು, ಅಂಗುಲದಷ್ಟು ತಪ್ಪು. ಆದರೆ ಆ ಮೂರು ಸಂಜೆಗಳಲ್ಲಿ ಇನ್ನೂ ಎಷ್ಟು ಹಿಮ್ಮಡಿಗಳು ಆ ಕರಗಿದ ಸುಣ್ಣವನ್ನು ಮುಟ್ಟಿರಬಹುದು? ಮಿಕ್ಕವರು ಕಳ್ಳರೆಂದು ಹೇಳುತ್ತಿಲ್ಲ. ಅವರಿಗೆ ತಿಳಿಯದೆಯೂ ಹೋಗಿರಬಹುದು. ತಿಳಿಯದವರಿಗೆ ಮೈನಸ್ ಬೀಳಲಿಲ್ಲ, ತಿಳಿದು ಹೇಳಿದವಳಿಗೆ ಬಿತ್ತು. ಮುಖ ನೋಡದ ನನ್ನ ಹಾಳೆ ಮಾಡಿದ ನ್ಯಾಯ ಇಷ್ಟು.

ಅವಳನ್ನು ಹುಡುಕಿಕೊಂಡು ಹೋಗಿ ಇದನ್ನೆಲ್ಲ ಹೇಳಿದೆ. ಅಷ್ಟರಲ್ಲಿ ಪಟ್ಟಿ ಬೆಂಗಳೂರಿಗೆ ಹೋಗಿತ್ತು. ಬದಲಾಯಿಸಲು ಕೇಳಲೇ ಎಂದೆ. ಬೇಡವೆಂದಳು, ಆ ಹುಡುಗ ಆಗಲೇ ಹೊಸ ಶೂ ಕೊಂಡಿದ್ದನಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಹಾಳೆ ಇನ್ನೂ ಇದೆಯಾ ಅಕ್ಕ?’ ಎಂದು ಕೇಳಿದಳು. ಚೀಲದಲ್ಲಿತ್ತು, ತೆಗೆದೆ.

‘ಆ ಮೈನಸ್ ಒಂದನ್ನು ಹೊಡೆದುಹಾಕಿ.’

ಅವಳ ಎದುರಿಗೇ ಹೊಡೆದುಹಾಕಿದೆ.