ಭೂತದ ವೇಷ, ಅಮಾವಾಸ್ಯೆಯ ನಿಂಬೆಹಣ್ಣು ಮತ್ತು ನಮ್ಮ ವಿಶ್ವಾಸ



ಅಕ್ಟೋಬರ್ ಮುಗಿಯುತ್ತಾ ಬಂದಂತೆ ಕೆಲವು ಇಂಗ್ಲಿಷ್ ಮಾಧ್ಯಮ ಶಾಲೆಗಳು ಮಕ್ಕಳಿಗೆ ಭೂತದ ವೇಷ ಹಾಕಿ ಕಳುಹಿಸಲು ಹೇಳುವುದುಂಟು. "ಫಾದರ್, ಹ್ಯಾಲೋವೀನ್ ಆಚರಿಸಬಹುದೇ?" ಎಂದು ಪಾಲಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅಮಾವಾಸ್ಯೆಯ ದಿನ ಗಾಡಿಗೆ ಕಟ್ಟುವ ನಿಂಬೆಹಣ್ಣು, ಮೆಣಸಿನಕಾಯಿಯ ಬಗ್ಗೆ ಹೀಗೆ ಕೇಳುವವರು ಕಡಿಮೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡೋಣ.

ಹ್ಯಾಲೋವೀನ್ ಎಂದರೆ ಸಕಲ ಸಂತರ ಹಬ್ಬದ ಹಿಂದಿನ ಸಂಜೆ. 8ನೇ ಶತಮಾನದಲ್ಲಿ ಜಗದ್ಗುರು ಮೂರನೇ ಗ್ರೆಗರಿಯವರು ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಸಕಲ ಸಂತರ ಗೌರವಾರ್ಥ ಒಂದು ಪ್ರಾರ್ಥನಾಲಯವನ್ನು ಅರ್ಪಿಸಿದರು. ಮುಂದಿನ ಶತಮಾನದಲ್ಲಿ ನವೆಂಬರ್ 1ರ ಹಬ್ಬ ಪಶ್ಚಿಮ ಯುರೋಪಿನಲ್ಲೆಲ್ಲ ಹರಡಿತು. ಐರ್ಲೆಂಡಿನ ಜನಪದ ನಂಬಿಕೆಗಳು ಅದರ ಹಿಂದಿನ ರಾತ್ರಿಗೆ ಅಂಟಿಕೊಂಡವು. ವಲಸೆಗಾರರೊಡನೆ ಅಮೆರಿಕ ಸೇರಿ ಅದು ಕುಂಬಳಕಾಯಿ ದೀಪದ, ಭೂತದ ವೇಷದ ಹಬ್ಬವಾಯಿತು. ಅದನ್ನು ಸೈತಾನನ ಹಬ್ಬವೆಂದು ಜರೆಯುವುದು ಸರಿಯಲ್ಲ. ಸಂತರನ್ನು ಮರೆತು ಭೂತವನ್ನಷ್ಟೇ ಉಳಿಸಿಕೊಳ್ಳುವುದೂ ಸರಿಯಲ್ಲ.

ಕೊರಿಂಥದ ಕ್ರೈಸ್ತರಿಗೂ ಇಂಥದೇ ಗೊಂದಲವಿತ್ತು. ವಿಗ್ರಹಗಳಿಗೆ ಅರ್ಪಿಸಿದ ಮಾಂಸ ಪೇಟೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ತಿನ್ನಬಹುದೇ? ಸಂತ ಪೌಲರ ಉತ್ತರದಲ್ಲಿ ಮೂರು ಮಾತುಗಳಿವೆ. ದೇವರು ಒಬ್ಬರೇ ಎಂದು ಬಲ್ಲವನಿಗೆ ಮಾಂಸ ಬರೀ ಮಾಂಸ, ಹೆದರಬೇಕಾಗಿಲ್ಲ. ಆದರೆ ಪ್ರಭುವಿನ ಪಂಕ್ತಿಯಲ್ಲೂ ದೆವ್ವಗಳ ಪಂಕ್ತಿಯಲ್ಲೂ ಏಕಕಾಲಕ್ಕೆ ಕೂರಲಾಗದು. ಮೇಲಾಗಿ, ನಿನ್ನ ಸ್ವಾತಂತ್ರ್ಯ ಬಲಹೀನ ಸಹೋದರನನ್ನು ಎಡವಿಸಬಾರದು.

ಈ ಅಳತೆಗೋಲಿನಿಂದ ನೋಡಿದರೆ ಮಗುವಿನ ವೇಷ ಬರೀ ಆಟ. ಅದು ನಗುತ್ತಾ ಹಾಕುತ್ತದೆ, ನಗುತ್ತಾ ಕಳಚುತ್ತದೆ. ನಿಂಬೆಹಣ್ಣು ಆಟವಲ್ಲ. ಅದನ್ನು ಕಟ್ಟುವ ಕೈ ನಡುಗುತ್ತಿರುತ್ತದೆ. ಕಟ್ಟದಿದ್ದರೆ ಕೆಡುಕಾದೀತೆಂಬ ಭಯ ಅಲ್ಲಿದೆ. ಹಾಗಾದರೆ ಬಾಗಲಕೋಟೆಯ ಪೇಟೆಯಲ್ಲಿ ಸಾಹುಕಾರರ ಮಾತಿನಂತೆ ಅಂಗಡಿ ಬಾಗಿಲಿಗೆ ಅದನ್ನು ಕಟ್ಟುವ ನಮ್ಮ ಹುಡುಗನದು ಪಾಪವೇ? ನಾಮಾನನನ್ನು ನೆನೆಯಿರಿ. ತನ್ನ ಅರಸ ರಿಮ್ಮೋನನ ಗುಡಿಯಲ್ಲಿ ತನ್ನ ಕೈಯನ್ನು ಊರಿಕೊಂಡು ಬಾಗುವಾಗ ತಾನೂ ಬಾಗಬೇಕಾಗುತ್ತದೆಂದು ಆತ ಅಳುಕಿದಾಗ ಪ್ರವಾದಿ ಎಲೀಷನು ಆತನನ್ನು ಸಮಾಧಾನದಿಂದ ಕಳುಹಿಸಿದನು. ಹೊಟ್ಟೆಪಾಡಿನ ಕೆಲಸ ಬೇರೆ, ಹೃದಯದ ಭರವಸೆ ಬೇರೆ. ಆದರೆ ಅದೇ ಹುಡುಗ ತನ್ನ ಮನೆ ಬಾಗಿಲಿಗೂ ಅದನ್ನು ಕಟ್ಟಿಕೊಂಡರೆ ಪ್ರಶ್ನೆ ಏಳುತ್ತದೆ: ಅವನ ಭರವಸೆ ಯಾರಲ್ಲಿದೆ?

ನೆರೆಯವರ ಕಡೆ ಬೆರಳು ತೋರಿಸುವ ಮುನ್ನ ನಮ್ಮನ್ನೂ ನೋಡಿಕೊಳ್ಳೋಣ. ಪ್ರಾರ್ಥನೆಯಿಲ್ಲದೆ, ಅಪಘಾತವಾಗದಿರಲೆಂದು ಮಾತ್ರ ಗಾಡಿಯಲ್ಲಿ ತೂಗುಹಾಕಿದ ಜಪಮಾಲೆಯೂ ಇನ್ನೊಂದು ನಿಂಬೆಹಣ್ಣೇ. ಅಂತರಂಗದ ವಿಶ್ವಾಸವಿಲ್ಲದೆ ಹೊರಗಿನ ಕ್ರಿಯೆಗೇ ಶಕ್ತಿಯಿದೆ ಎಂದುಕೊಳ್ಳುವುದು ಮೂಢನಂಬಿಕೆಯೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಎಚ್ಚರಿಸುತ್ತದೆ.

ಇದು ಕೇವಲ ತರ್ಕದ ವಿಷಯವಲ್ಲ. ಭಯ ಮನುಷ್ಯರನ್ನು ಬಲಿ ತೆಗೆದುಕೊಳ್ಳುತ್ತದೆ. ಹೊಲದಲ್ಲಿ ಹಾವು ಕಚ್ಚಿದವನನ್ನು ಆಸ್ಪತ್ರೆಯ ಬದಲು ಮಂತ್ರ ಹಾಕುವವನ ಬಳಿಗೆ ಒಯ್ದರೆ ಜೀವ ಹೋಗುತ್ತದೆ. ಭಾನಾಮತಿಯ ಸಂಶಯದಲ್ಲಿ ಒಂಟಿ ಹೆಂಗಸಿನ ಬದುಕು ಹಾಳಾಗುತ್ತದೆ. 2017ರಲ್ಲಿ ಕರ್ನಾಟಕ ಸರ್ಕಾರ ವಾಮಾಚಾರದ ವಿರುದ್ಧ ಕಾಯ್ದೆ ತಂದದ್ದು ಇಂಥವನ್ನು ತಡೆಯಲೆಂದೇ. ನಮ್ಮ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು 12ನೇ ಶತಮಾನದಲ್ಲೇ ಶುಭ-ಅಶುಭ ಗಳಿಗೆಗಳ ಭಯವನ್ನು ತಳ್ಳಿಹಾಕಿದ್ದರು. ಪುನರುತ್ಥಾನವನ್ನು ನಂಬುವ ನಾವು ಅಮಾವಾಸ್ಯೆಗೆ ಅಂಜುವುದು ತರವೇ?

ಈ ಅಂಜಿಕೆಗೆ ಧರ್ಮಸಭೆ ಕೊಡುವ ಮದ್ದು ನವೆಂಬರ್ 2, ಮೃತರೆಲ್ಲರ ಸ್ಮರಣೆಯ ದಿನ. ಹೊತ್ತು ಮುಳುಗಿದ ಮೇಲೆ ಸ್ಮಶಾನದ ಕಡೆ ಹೋಗಬಾರದೆನ್ನುವ ಊರಿನಲ್ಲಿ ನಾವು ಮಕ್ಕಳ ಕೈಹಿಡಿದು ಸಮಾಧಿಗಳಿಗೆ ಹೋಗುತ್ತೇವೆ. ಹುಲ್ಲು ಕಿತ್ತು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಅಲ್ಲಿರುವವರು ಭೂತಗಳಲ್ಲ, ನಮ್ಮ ಅಜ್ಜ, ಅಜ್ಜಿ, ಅವ್ವ, ಅಪ್ಪ. ಅವರು ನಮ್ಮನ್ನು ಕಾಡುವುದಿಲ್ಲ. ನಮ್ಮ ಪ್ರಾರ್ಥನೆಗಾಗಿ ಕಾದಿದ್ದಾರೆ.

ಆದುದರಿಂದ ಪಾಲಕರೇ, ಶಾಲೆಯ ವೇಷಕ್ಕಾಗಿ ಜಗಳವಾಡಬೇಡಿ. ಮಗು ರಾತ್ರಿ ಹೆದರುವಂತಿದ್ದರೆ ಮಾತ್ರ ವಿನಯದಿಂದ ಬೇಡವೆನ್ನಿ. ಮರುದಿನ ತಪ್ಪದೆ ಬಲಿಪೂಜೆಗೆ ಕರೆತನ್ನಿ. ಅದರ ಹೆಸರಿನ ಸಂತರ ಕಥೆ ಹೇಳಿ. ಅದಕ್ಕೂ ಮರುದಿನ ಸಮಾಧಿಯ ಬಳಿ ಅದರ ಕೈಗೆ ಒಂದು ಮೇಣದಬತ್ತಿ ಕೊಡಿ. ಕತ್ತಲಲ್ಲಿ ದೀಪ ಹಿಡಿದು ನಿಲ್ಲಲು ಕಲಿತ ಮಗು ಮುಂದೆ ಯಾವ ಅಮಾವಾಸ್ಯೆಗೂ ಅಂಜುವುದಿಲ್ಲ.